ಗವರ್ನರ್ ಮನೆಯ ಕೊಲೆಗಾರ

"ಒಂದು ಮಾತು. 'ನಾನು ಮಾಡಿದೆ, ತಪ್ಪಾಯ್ತು.' ಇಷ್ಟು ಹೇಳೋಕೆ ನಿನ್ನ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡಿದೆಯೇನೋ?"

"ಮಾಡಿದ್ರೆ ಹೇಳ್ತಿದ್ದೆ."

"ನೀನು ಮಾಡಿದೆ ಅಂತ ಹನ್ನೆರಡು ಜನ ಜೂರಿ ಹೇಳಿದ್ದಾರೆ."

"ಹನ್ನೆರಡು ಜನ ಬಿಳಿಯರು ಹೇಳಿದ್ದಾರೆ."

ಪ್ರೇದರ್ ಮೇಜಿನ ಮೇಲೆ ಅಂಗೈ ಬಡಿದ. ಹಿಟ್ಟು ಹಾರಿ ಅವನ ನೀಲಿ ಕೋಟಿನ ತೋಳಿಗೆ ಅಂಟಿತು. ಅದನ್ನು ಒರೆಸಿಕೊಳ್ಳಲು ಬಟ್ಟೆಗಾಗಿ ಸುತ್ತ ನೋಡಿದ. ಅಲಾಂಜೊ ಟಾರ್ವರ್ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ, ಬಟ್ಟೆಯನ್ನೂ ಕೊಡಲಿಲ್ಲ.

ಪ್ರೇದರ್ ಗವರ್ನರರ ವಕೀಲ. ಅಲಾಂಜೊ ಗವರ್ನರರ ಅಡುಗೆಯವನು, ಜೀವಾವಧಿ ಕೈದಿ. ಹಗಲು ಗವರ್ನರ್ ಮನೆಯಲ್ಲಿ ಬೇಯಿಸುವುದು, ಸಂಜೆ ಜೈಲಿನ ವ್ಯಾನ್ ಹತ್ತಿ ಹೋಗುವುದು. ಮರುದಿನ ಮಧ್ಯಾಹ್ನ ಆ ಮನೆಯ ಮುಂದಿನ ಜಗಲಿಯಲ್ಲಿ, ಅಧಿಕಾರ ಮುಗಿಸಿ ಹೊರಟಿದ್ದ ಗವರ್ನರ್ ಕ್ರಾಂಡಲ್ ತನ್ನ ಮನೆಯಾಳು ಕೈದಿಗಳಿಗೆಲ್ಲ ಕ್ಷಮಾದಾನ ಕೊಡುವವನಿದ್ದ. ಟಿವಿಯವರು ಬರುವವರಿದ್ದರು. ಉಳಿದವರು ಬರೀ ಥ್ಯಾಂಕ್ಸ್ ಹೇಳಿದರೆ ಸಾಕು. ಅಲಾಂಜೊ ಮಾತ್ರ ಇನ್ನೆರಡು ಕೆಲಸ ಮಾಡಬೇಕು. ಕೊಲೆ ಮಾಡಿದ್ದು ನಾನೇ ಎಂದು ಎಲ್ಲರೆದುರು ಒಪ್ಪಬೇಕು. ರಾಜ್ಯದ ದೊಡ್ಡ ಕೋರ್ಟಿನಲ್ಲಿರುವ ತನ್ನ ದಾವೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಆಮೇಲೆ ಮನೆಗೆ ಹೋಗಬಹುದು.

"ಕೊಲೆ ಮಾಡಿಲ್ಲದಿದ್ರೆ ಈ ಅಡುಗೆಮನೆಗೆ ಹೇಗಯ್ಯಾ ಬಂದೆ ನೀನು?" ಪ್ರೇದರ್ ಕೇಳಿದ. ಕೇಳಿ ತಾನೇ ನಕ್ಕ.

ನಕ್ಕರೂ ಅವನು ಹೇಳಿದ್ದು ಬರೀ ತಮಾಷೆಯಲ್ಲ. ಆ ರಾಜ್ಯದಲ್ಲಿ ಅದೊಂದು ಹಳೆಯ ರೂಢಿ. ಗವರ್ನರ್ ಮನೆಯ ಚಾಕರಿಗೆ ಜೈಲಿನಿಂದಲೇ ಆಳು. ಸಂಬಳವಿಲ್ಲ, ರಜೆಯಿಲ್ಲ, ಎದುರುತ್ತರವಿಲ್ಲ. ಆಳು ಆರಿಸುವಾಗ ಕಳ್ಳರನ್ನು ಮುಟ್ಟುವುದಿಲ್ಲ. ಕಳ್ಳ ಬೆಳ್ಳಿಯ ಚಮಚ ಕದಿಯುತ್ತಾನೆ. ಮೋಸಗಾರನೂ ಬೇಡ, ಅವನಿಗೆ ಮಾತು ಜಾಸ್ತಿ. ಕೊಲೆಗಾರನೇ ಬೇಕು. ಕೊಲೆಗಾರ ಜೀವಮಾನದಲ್ಲಿ ಒಂದೇ ಸಲ ಕೆಡುವವನು, ಆಮೇಲೆ ಹಸುವಿನ ಹಾಗೆ ಇರುತ್ತಾನೆ ಎಂದು ಅಲ್ಲಿನ ದೊಡ್ಡಮನೆಗಳ ಹೆಂಗಸರು ಚಹಾ ಕುಡಿಯುತ್ತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಮಕ್ಕಳನ್ನು ಆಡಿಸಲು ಕೊಲೆಗಾರ, ಮಾಂಸ ಕೊಯ್ಯಲು ಕೊಲೆಗಾರ. ಮನುಷ್ಯನ ಜೀವಕ್ಕಿಂತ ಚಮಚದ ಚಿಂತೆ ದೊಡ್ಡದು ಆ ಜನಕ್ಕೆ.

ರೂಢಿಯ ಇನ್ನೊಂದು ತುದಿಯೂ ಇದೆ. ಅಧಿಕಾರ ಮುಗಿಸಿ ಹೋಗುವ ಗವರ್ನರ್ ಮನೆಯಾಳುಗಳನ್ನು ಬಿಟ್ಟು ಹೋಗುತ್ತಾನೆ. ಜೈಲಿನಲ್ಲಿ ಅದಕ್ಕಾಗಿಯೇ ಜನ ಗವರ್ನರ್ ಮನೆಯ ಕೆಲಸಕ್ಕೆ ಬಾಯಿ ಬಿಡುತ್ತಾರೆ. ಹಾಗೆ ನೋಡಿದರೆ ಅಲಾಂಜೊ ಹಿಂದಿನ ಗವರ್ನರ್ ಹೋದಾಗಲೇ ಹೊರಗೆ ಹೋಗಬೇಕಿತ್ತು. ಅವತ್ತು ಎಲ್ಲರ ಹೆಸರೂ ಕೂಗಿದರು, ಇವನ ಹೆಸರು ಬರಲಿಲ್ಲ. ಹೊಸದಾಗಿ ಬಂದ ಕ್ರಾಂಡಲ್‌ನ ಹೆಂಡತಿ ಮಿಸ್ ಮ್ಯಾರಿಲೀ ಮನೆ ನೋಡಲು ಬಂದಿದ್ದಳಂತೆ. ಇವನು ಮಾಡಿದ ಮಜ್ಜಿಗೆ ಬಿಸ್ಕತ್ತು ತಿಂದಳಂತೆ. ಬೆಣ್ಣೆ ಸವರಿದರೆ ಬಾಯಲ್ಲಿ ಕರಗುವ, ಹತ್ತಿಯಂತೆ ಉಬ್ಬಿದ ಬಿಸ್ಕತ್ತು. ಇವನೊಬ್ಬನನ್ನು ನಮಗೆ ಬಿಟ್ಟು ಹೋಗಿ ಎಂದು ಹಳೆಯ ಗವರ್ನರರ ಹೆಂಡತಿಯನ್ನು ಕೇಳಿದಳಂತೆ. ಕಿಟಕಿಯ ಪರದೆ ಬಿಟ್ಟು ಹೋದ ಹಾಗೆ, ದೊಡ್ಡ ಮೇಜು ಬಿಟ್ಟು ಹೋದ ಹಾಗೆ, ಇವನನ್ನೂ ಬಿಟ್ಟು ಹೋದರು. ಬಿಸ್ಕತ್ತು ಸುಟ್ಟು ಕರಕಲಾಗಿದ್ದರೆ ಅಲಾಂಜೊ ಅವತ್ತೇ ಮನೆ ಸೇರುತ್ತಿದ್ದ. ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಸಿಕ್ಕಿದ ಬಹುಮಾನ ಅದು.

ಮದುವೆಯಾದ ದೊಡ್ಡಮನೆಯ ಹೆಂಗಸನ್ನೂ ಆಳುಗಳು ಅಲ್ಲಿ ಮಿಸ್ ಎಂದೇ ಕರೆಯಬೇಕು. ಮಿಸ್ ಮ್ಯಾರಿಲೀ ಅವನನ್ನು 'ಲಾನಿ' ಎಂದು ಕರೆಯುತ್ತಿದ್ದಳು. ಅಲಾಂಜೊ ಎನ್ನಲು ಅವಳ ನಾಲಿಗೆಗೆ ಪುರಸೊತ್ತಿರಲಿಲ್ಲ.

ಈ ಕ್ರಾಂಡಲ್ ಯಾರೆಂಬುದು ಅಲಾಂಜೊಗೆ ಮೊದಲ ದಿನವೇ ಗೊತ್ತಿತ್ತು. ಕಾಫಿ ತೆಗೆದುಕೊಂಡು ಹೋದವನು ಬಾಗಿಲಲ್ಲೇ ನಿಂತುಬಿಟ್ಟ. ಒಳಗೆ ಕೂತಿದ್ದವನ ಕೂದಲು ನರೆತಿತ್ತು, ಹೊಟ್ಟೆ ಬಂದಿತ್ತು, ಆದರೆ ಮಾತಾಡುವ ಮೊದಲು ತುಟಿ ನೆಕ್ಕಿಕೊಳ್ಳುವ ಚಾಳಿ ಹಾಗೇ ಇತ್ತು. ಇಪ್ಪತ್ತು ವರ್ಷದ ಹಿಂದೆ ಟಲ್ಲೋವಾ ಕೌಂಟಿಯ ಜಿಲ್ಲಾ ಕೋರ್ಟಿನಲ್ಲಿ ಸರ್ಕಾರಿ ವಕೀಲನಾಗಿ ನಿಂತು ಅಲಾಂಜೊಗೆ ಜೀವಾವಧಿ ಕೊಡಿಸಿದವನು ಈ ಮನುಷ್ಯನೇ.

ಕೌಂಟಿಯ ಅಂಗಡಿಯವನನ್ನು ಯಾರೋ ಗುಂಡಿಟ್ಟು ಕೊಂದಿದ್ದರು. ಆ ದಾರಿಯಲ್ಲಿ ನಡೆದು ಬರುತ್ತಿದ್ದ ಅಲಾಂಜೊನನ್ನು ಪೊಲೀಸರು ಹಿಡಿದರು. ಬಂದೂಕು ಸಿಗಲಿಲ್ಲ, ನೋಡಿದವರು ಸಿಗಲಿಲ್ಲ. ಸಿಕ್ಕಿದ್ದು ಇವನೊಬ್ಬ, ಸಾಕಾಯಿತು. ಆ ಕೌಂಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಪ್ಪುಜನ. ತೀರ್ಪು ಹೇಳಲು ಕೂರುವ ಜೂರಿಗೆ ಕರೆ ಬಂದಾಗ ಅವರೂ ಬಂದರು, ಭಾನುವಾರದ ಚರ್ಚಿಗೆ ಹೋಗುವ ಬಟ್ಟೆ ಹಾಕಿಕೊಂಡು ಬಂದರು. ಬೇಡವಾದವರನ್ನು ಜೂರಿಯಿಂದ ತೆಗೆಸುವ ಹಕ್ಕು ವಕೀಲರಿಗಿತ್ತು, ಕ್ರಾಂಡಲ್ ಒಬ್ಬೊಬ್ಬರನ್ನೇ ಎಬ್ಬಿಸಿ ಮನೆಗೆ ಕಳಿಸಿದ. ಒಬ್ಬ ಕುರ್ಚಿಯಲ್ಲಿ ಒರಗಿ ಕೂತಿದ್ದಾನೆ, ಬೇಡ. ಒಬ್ಬ ಪಾದ್ರಿ, ಪಾದ್ರಿಗಳು ಬೇಗ ಕ್ಷಮಿಸುತ್ತಾರೆ, ಬೇಡ. ಒಬ್ಬಳು ಜಾಸ್ತಿ ರೆಪ್ಪೆ ಬಡಿಯುತ್ತಾಳೆ, ಬೇಡ. ರೆಪ್ಪೆ ಬಡಿದವಳು ಐಡೆಲಾ ಬ್ರಾಡ್ನಾಕ್ಸ್. ಅಲಾಂಜೊಗೂ ಅವನ ತಂಗಿಗೂ ಅಕ್ಷರ ಕಲಿಸಿದ ಟೀಚರು. ಊರಿಡೀ ಅವರೆದುರು ಎದ್ದು ನಿಲ್ಲುತ್ತಿತ್ತು. ಹಸಿರು ಟೋಪಿ ಇಟ್ಟುಕೊಂಡು ನೆಟ್ಟಗೆ ಕೂತಿದ್ದ ಆ ಹೆಂಗಸು, ತಾನೇನು ತಪ್ಪು ಮಾಡಿದೆ ಎಂದು ತಿಳಿಯದೆ, ಕೈಚೀಲ ಎದೆಗವಚಿಕೊಂಡು ಬಾಗಿಲವರೆಗೆ ನಡೆದದ್ದನ್ನು ಅಲಾಂಜೊ ಇವತ್ತಿಗೂ ಮರೆತಿಲ್ಲ. ತನಗೆ ಶಿಕ್ಷೆ ಓದಿದ್ದು ಅಷ್ಟು ನೆನಪಿಲ್ಲ. ಟೀಚರ ಬೆನ್ನು ನೆನಪಿದೆ.

ಆಮೇಲೆ ಜೈಲಿನ ಹೊಲ. ಕುದುರೆಯ ಮೇಲೆ ಬಂದೂಕು ಹಿಡಿದ ಗಾರ್ಡು, ಕೆಳಗೆ ಸಾಲಾಗಿ ಬಗ್ಗಿದ ಕಪ್ಪು ಬೆನ್ನುಗಳು. ಬೇಸಿಗೆಯಲ್ಲಿ ಬೆಂಡೆಕಾಯಿ ಕೀಳಬೇಕು. ಕೈಗೆ ಗವುಸಿಲ್ಲ. ಬೆಂಡೆಯ ಸುಂಕು, ಮುಳ್ಳಿನಂಥ ಕೂದಲು, ಚರ್ಮದೊಳಗೆ ಇಳಿದು, ಬೆವರಿಗೆ ಉರಿದು, ತುರಿಸಿಕೊಂಡಲ್ಲಿ ಕೀವಾಗುತ್ತಿತ್ತು. ನೀರು ಬೇಕೆಂದು ತಲೆ ಎತ್ತಿದರೆ ಕುದುರೆಯನ್ನು ಮೈಮೇಲೆ ತರುತ್ತಿದ್ದರು. ಪಕ್ಕದ ಸಾಲಿನವನು ಬಿಸಿಲಿಗೆ ಬಿದ್ದರೆ ಅವನನ್ನು ದಾಟಿಕೊಂಡು ಕೀಳಬೇಕು. ಅಲಾಂಜೊ ದಾಟಿಕೊಂಡು ಕಿತ್ತಿದ್ದಾನೆ. ಅಲ್ಲಿಂದ ಜೈಲಿನ ಅಡುಗೆಮನೆಗೆ ಬಂದ, ಅಲ್ಲಿಂದ ಗವರ್ನರ್ ಮನೆಗೆ. ಗುಲಾಮಗಿರಿ ಯಾವ ಕಾಲದಲ್ಲೋ ಹೋಯಿತು ಎಂದು ಆ ದೇಶದ ಸಂವಿಧಾನದ ಪುಸ್ತಕದಲ್ಲಿ ಬರೆದಿದೆ. ಅದೇ ಸಾಲಿನಲ್ಲಿ, ಕೈದಿಗಳನ್ನು ಬಿಟ್ಟು, ಎಂದೂ ಬರೆದಿದೆ. ಬರೆದವರು ಬುದ್ಧಿವಂತರು. ಎಡಗೈಯಲ್ಲಿ ಕೊಟ್ಟು ಬಲಗೈಯಲ್ಲಿ ಕಿತ್ತುಕೊಂಡರು.

ಅಲಾಂಜೊಗೆ ಗವರ್ನರನ ಗುರುತಿದ್ದರೂ ಗವರ್ನರನಿಗೆ ಇವನ ಗುರುತಿರಲಿಲ್ಲ. ಇವನು ದಿನಾ ಬೆಳಿಗ್ಗೆ ಕಾಫಿ ಕೊಟ್ಟ. ಮೊಟ್ಟೆ ಬೇಯಿಸಿ ಹಾಕಿದ. ಕ್ರಾಂಡಲ್ ಜ್ವರ ಬಂದು ಮಲಗಿದಾಗ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ ಸೂಪು ಕುಡಿಸಿದ. ಒಂದು ದಿನವೂ ಆ ಮನುಷ್ಯ ಇವನ ಮುಖ ನೋಡಿ, ನಿನ್ನನ್ನು ಎಲ್ಲೋ ನೋಡಿದ್ದೀನಲ್ಲಾ ಎನ್ನಲಿಲ್ಲ. ಎಷ್ಟೊಂದು ಕಪ್ಪು ಮುಖಗಳನ್ನು ಒಳಗೆ ತಳ್ಳಿದವನು, ಯಾವುದನ್ನೆಂದು ನೆನಪಿಟ್ಟುಕೊಂಡಾನು.

ಒಂದು ಸಲ ಊಟಕ್ಕೆ ಜಡ್ಜುಗಳು ಬಂದಿದ್ದರು. ಜೂರಿ ಆರಿಸುವುದು ಹೇಗೆ ಎಂದು ಕ್ರಾಂಡಲ್ ಅವರಿಗೆ ಕಥೆ ಹೇಳುತ್ತಿದ್ದ. ಕಲ್ಲಂಗಡಿ ಆರಿಸಿದ ಹಾಗೆ, ತಟ್ಟಿ ನೋಡಬೇಕು ಎಂದ. ಒಬ್ಬಳಿದ್ದಳು, ಹಸಿರು ಟೋಪಿಯವಳು, ಅವಳಿಗೆ ಏನು ಕಾರಣ ಹುಡುಕುವುದೆಂದು ತಿಳಿಯದೆ ರೆಪ್ಪೆ ಬಡಿಯುತ್ತಾಳೆ ಅಂದುಬಿಟ್ಟೆ, ಆ ಜಡ್ಜ್ ಮುದುಕ ಹೂಂ ಅಂದ ಎಂದ. ಮೇಜಿನ ಸುತ್ತ ಎಲ್ಲರೂ ನಕ್ಕರು. ಅಲಾಂಜೊ ಅವನ ಬಲಗಡೆ ನಿಂತು ಗ್ರೇವಿ ಬಡಿಸುತ್ತಿದ್ದ. ಒಂದು ಹನಿಯೂ ಮೇಜಿನ ಬಟ್ಟೆಗೆ ಬೀಳಲಿಲ್ಲ. ಅವತ್ತು ಹಿತ್ತಲಲ್ಲಿ ಪಾತ್ರೆ ತಿಕ್ಕುವಾಗ, ಒಂದು ಹನಿಯನ್ನೂ ಚೆಲ್ಲಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಹೊರಗೆ ಯಾರೋ ಹೊಸ ವಕೀಲರು ಹಳೆಯ ಕೇಸುಗಳನ್ನು ಕೆದಕುತ್ತಿದ್ದರು. ಕಪ್ಪುಜನ ಎಂಬ ಒಂದೇ ಕಾರಣಕ್ಕೆ ಜೂರಿಯಿಂದ ತೆಗೆದದ್ದು ಕಾನೂನಿಗೆ ವಿರುದ್ಧ ಎಂದು ಇವನ ಪರವಾಗಿ ದಾವೆ ಹಾಕಿದರು. ದೊಡ್ಡ ಕೋರ್ಟು ವಿಚಾರಣೆಗೆ ಒಪ್ಪಿಕೊಂಡಿತು. ಅದೇ ತಿಂಗಳು ದೇಶದ ಅಧ್ಯಕ್ಷ ಕ್ರಾಂಡಲ್‌ನನ್ನು ಫೆಡರಲ್ ಜಡ್ಜ್, ಅಂದರೆ ಕೇಂದ್ರದ ಕೋರ್ಟಿನ ಜಡ್ಜ್, ಮಾಡುವುದಾಗಿ ಹೇಳಿದ. ಜಡ್ಜಾಗಲು ಹೊರಟವನು ಹಿಂದೆ ಹೀಗೆ ಮಾಡಿದ್ದ ಎಂದು ಕೋರ್ಟೇ ಬರೆದರೆ ಏನು ಗತಿ? ಟಾರ್ವರ್ ಎಂಬವನು ಯಾವ ಜೈಲಿನಲ್ಲಿದ್ದಾನೆಂದು ಪ್ರೇದರ್ ಹುಡುಕಿಸಿದ. ಅವನು ಕೆಳಗೆ ಅಡುಗೆಮನೆಯಲ್ಲಿ ಹಂದಿಮಾಂಸ ಹುರಿಯುತ್ತಿದ್ದಾನೆ ಎಂದು ತಿಳಿದಾಗ ಮೇಲಿನ ಮಹಡಿಯಲ್ಲಿ ಬಾಗಿಲು ಹಾಕಿಕೊಂಡರಂತೆ. ಅವತ್ತು ಕ್ರಾಂಡಲ್ ತಟ್ಟೆ ಮುಟ್ಟಲಿಲ್ಲ. ವಿಷ ಹಾಕಿದ್ದಾನೆಂದು ಹೆದರಿದನೋ ಏನೋ. ಕೊಲೆಗಾರನೆಂದು ನಂಬಿದಷ್ಟು ದಿನ ನಿಶ್ಚಿಂತೆಯಾಗಿ ತಿಂದಿದ್ದ. ನಿರಪರಾಧಿ ಇರಬಹುದು ಎಂದ ಕೂಡಲೇ ಹೊಟ್ಟೆಗೆ ಇಳಿಯಲಿಲ್ಲ.

ಕ್ಷಮಾದಾನದ ಉಪಾಯ ಹುಟ್ಟಿದ್ದು ಹಾಗೆ. ತಪ್ಪೊಪ್ಪಿ ಹೊರಗೆ ಹೋದವನಿಗೆ ದಾವೆ ಎಲ್ಲಿಯದು. ರೂಢಿಯೂ ನಡೆಯಿತು, ದಯಾಳು ಎಂಬ ಹೆಸರೂ ಬಂತು, ಬಾಯೂ ಮುಚ್ಚಿತು. ಒಂದೇ ತೊಡಕು. ಅಲ್ಲಿಯ ಹಳೆಯ ಕಾನೂನಿನ ಪ್ರಕಾರ ಕ್ಷಮೆ ಕೊಟ್ಟರೆ ಸಾಲದು, ಕೈದಿ ಅದನ್ನು ತೆಗೆದುಕೊಳ್ಳಲೂ ಬೇಕು. ತೆಗೆದುಕೊಳ್ಳದವನು ಆ ಮನೆಯಲ್ಲಿ ಅದುವರೆಗೆ ಹುಟ್ಟಿರಲಿಲ್ಲ.

ಪ್ರೇದರ್ ಹೋದ ಮೇಲೆ ಮಿಸ್ ಮ್ಯಾರಿಲೀ ಬಂದಳು. ಗಂಡನ ಹಳೆಯ ಬೂದು ಸೂಟನ್ನು ತೋಳಿನ ಮೇಲೆ ಹಾಕಿಕೊಂಡು ತಂದಿದ್ದಳು. ನಾಳೆ ಟಿವಿಯಲ್ಲಿ ಚೆನ್ನಾಗಿ ಕಾಣಬೇಕಲ್ಲ ಎಂದಳು. ನೀನು ನಮ್ಮ ಮನೆಯವನ ಹಾಗೆ ಲಾನಿ, ನಿನ್ನನ್ನು ಕಳಿಸಿಕೊಡಲು ನನಗೆ ಎಷ್ಟು ಕಷ್ಟವಾಗುತ್ತಿದೆ ಗೊತ್ತಾ ಎಂದು ಕಣ್ಣೊರೆಸಿಕೊಂಡಳು. ಆಮೇಲೆ ನಾಳೆ ಸಂಜೆಯ ಬೀಳ್ಕೊಡುಗೆ ಊಟಕ್ಕೆ ಮೂವತ್ತು ಜನ, ಬಿಡುಗಡೆಯಾದರೂ ಅದೊಂದು ಮುಗಿಸಿಕೊಟ್ಟು ಹೋಗು ಎಂದಳು. ಊರು ಉಪಕಾರ ಅರಿಯದು ಎನ್ನುತ್ತಾರೆ. ಈ ಹೆಂಗಸಿಗೆ ಉಪಕಾರ ಎಂದರೇನು, ಸುಲಿಗೆ ಎಂದರೇನು ಎಂಬ ವ್ಯತ್ಯಾಸವೇ ತಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಪ್ರೇದರ್ ಕಡೆಯವರು, ಅಲಾಂಜೊನನ್ನು ಒಪ್ಪಿಸಲೆಂದು, ಅವನ ತಂಗಿ ವರ್ನೀಸಳನ್ನು ಸರ್ಕಾರಿ ಕಾರಿನಲ್ಲಿ ಕರೆತಂದರು. ಉಗ್ರಾಣದಲ್ಲಿ, ಹಿಟ್ಟಿನ ಮೂಟೆಗಳ ನಡುವೆ, ಅಣ್ಣ ತಂಗಿಯನ್ನು ಬಿಟ್ಟು ಬಾಗಿಲು ಮುಂದೆ ಮಾಡಿಕೊಂಡರು. ವರ್ನೀಸ್ ಮೀನಿನ ಕಾರ್ಖಾನೆಯಲ್ಲಿ ನಿಂತು ಮೀನಿನ ತಲೆ ಕತ್ತರಿಸುವವಳು. ಐಸಿನ ನೀರಿಗೆ ಅವಳ ಬೆರಳುಗಳು ಕೊಕ್ಕೆಯ ಹಾಗೆ ಬಾಗಿ ಹೋಗಿದ್ದವು. ಅಲಾಂಜೊನ ಮಗಳನ್ನು ಸಾಕಿದ್ದು ಆ ಬೆರಳುಗಳು. ಆ ಮಗಳಿಗೆ ಈಗ ಒಂದು ಮಗು.

ಅವಳು ಕೂರಲಿಲ್ಲ. ಮೊದಲು ಬೈದಳು. ಅವರು ಹೇಳಿದ್ದನ್ನು ಹೇಳಿ ಮನೆಗೆ ಬರಲು ಏನು ರೋಗ ಎಂದು ಕೇಳಿದಳು. ನಮ್ಮ ಅಜ್ಜ ಮುತ್ತಜ್ಜಂದಿರೆಲ್ಲ ಬಿಳಿಯರಿಗೆ ಸುಳ್ಳು ಹೇಳಿಯೇ ಬದುಕಿದ್ದು, ನಿನ್ನದೇನು ಹೊಸ ವಂಶವೋ ಎಂದು ಕೇಳಿದಳು.

"ಕೋರ್ಟು ಮುಂದೆ ಇನ್ನೇನು ಹೇಳುತ್ತೋ. ಅಲ್ಲೂ ಬಿಳಿಯರೇ ಅಲ್ವಾ ಕೂತಿರೋದು?"

"ಹೌದು, ಅವರೇ."

"ಮತ್ತೆ? ಅವರ ಬಾಯಿಂದ ಏನು ಕೇಳೋಕೆ ಕಾಯ್ತಾ ಕೂತಿದೀಯ? ನೀನು ಒಳ್ಳೆಯವನು ಅಂತಾನಾ? ಅದು ನಂಗೊತ್ತು. ಸಾಲ್ದಾ?"

ಅಲಾಂಜೊ ಮೂಟೆಯ ಮೇಲೆ ಕೂತ. ಹೇಳಲು ಅವನಿಗೆ ಬಹಳ ಇರಲಿಲ್ಲ. ಕ್ರಾಂಡಲ್ ಊಟದ ಮೇಜಿನಲ್ಲಿ ಟೀಚರ ಬಗ್ಗೆ ಹೇಳಿದ್ದನ್ನು ಹೇಳಿದ. ಎಲ್ಲರೂ ನಕ್ಕದ್ದನ್ನು ಹೇಳಿದ. ತಾನು ಗ್ರೇವಿ ಬಡಿಸಿದ್ದನ್ನೂ ಹೇಳಿದ. ಆ ಟೀಚರು ಸಾಯುವವರೆಗೂ, ನನ್ನ ಕಣ್ಣಿಗೆ ಏನಾಗಿದೆ ನೋಡಿ ಎಂದು ಡಾಕ್ಟರರನ್ನು ಕೇಳುತ್ತಿದ್ದರು ಎಂದು ವರ್ನೀಸಳೇ ಹಿಂದೊಮ್ಮೆ ಅವನಿಗೆ ಹೇಳಿದ್ದಳು.

"ಟೀಚರು ಸತ್ತು ಮಣ್ಣಾದ್ರು," ವರ್ನೀಸ್ ಅಂದಳು. "ನಿನ್ನ ಮೊಮ್ಮಗಳು ನಿನ್ನನ್ನ ಫೋಟೋದಲ್ಲಿ ನೋಡಿದಾಳೆ. ನಾನು ಯಾರಿಗೆ ಉತ್ತರ ಕೊಡ್ಲಿ?"

"ಹೊರಗೆ ಬಂದು ನಾನು ಮಾಡಿಲ್ಲ ಅಂದ್ರೆ ಯಾರು ಕೇಳ್ತಾರೆ ವರ್ನೀಸ್? ಟಿವಿಯಲ್ಲಿ ನೀನೇ ಒಪ್ಪಿದೆಯಲ್ಲೋ ಅಂತಾರೆ. ಆ ಮಗೂನೂ ಅದನ್ನೇ ನೋಡುತ್ತೆ."

"ಜೈಲಲ್ಲೇ ಸಾಯ್ತೀಯ."

"ಇರಬೌದು."

"ದೊಡ್ಡಮನುಷ್ಯ," ಅಂದಳು ವರ್ನೀಸ್. ಉಗುಳುವ ಹಾಗೆ ಅಂದಳು. ಬಾಗಿಲು ತಾನೇ ತೆಗೆದುಕೊಂಡು ಹೊರಗೆ ಹೋದಳು. ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅಲಾಂಜೊಗೆ ಅದು ಗೊತ್ತಿತ್ತು. ಹೌದು ಎಂದುಬಿಡೋಣವೇ ಎಂದು ಅವನಿಗೆ ಆ ಕ್ಷಣ ಅನ್ನಿಸಿತು. ಮೇಲೆ ಹೋಗಿ ಪ್ರೇದರ್‌ಗೆ ಹೇಳಿದರೆ ಮುಗಿಯಿತು. ಎದ್ದ ಕೂಡಾ. ಅಡುಗೆಮನೆಯಲ್ಲಿ ಮಿಸ್ ಮ್ಯಾರಿಲೀ ತಂದಿಟ್ಟ ಸೂಟು ಕುರ್ಚಿಗೆ ತೂಗುತ್ತಿತ್ತು. ಕಂಕುಳಲ್ಲಿ ಕ್ರಾಂಡಲ್‌ನ ಬೆವರಿನ ಕಲೆ ಹಾಗೇ ಇತ್ತು. ಇಸ್ತ್ರಿಯನ್ನೂ ಮಾಡಿಸಿರಲಿಲ್ಲ. ಅದನ್ನು ನೋಡಿ ಅವನಿಗೆ ನಗು ಬಂತು. ನಕ್ಕು, ಮಹಡಿಗೆ ಹೋಗದೆ ಹಿಟ್ಟಿನ ಕಡೆ ತಿರುಗಿದ.

ಮಧ್ಯಾಹ್ನ ಜಗಲಿಯ ಮುಂದೆ ಕ್ಯಾಮೆರಾಗಳು ನಿಂತವು. ಕೈದಿಗಳ ನೆಂಟರನ್ನು ಹುಲ್ಲಿನ ಮೇಲೆ ಮಡಚುವ ಕುರ್ಚಿಗಳಲ್ಲಿ ಕೂರಿಸಿದ್ದರು. ವರ್ನೀಸ್ ಕೊನೆಯ ಕುರ್ಚಿಯಲ್ಲಿದ್ದಳು. ಅಲಾಂಜೊ ಸೂಟು ಹಾಕಿರಲಿಲ್ಲ. ಬಡಿಸುವಾಗ ಹಾಕುವ ಬಿಳಿ ಅಂಗಿಯಲ್ಲೇ ಬಂದ. ಮಿಸ್ ಮ್ಯಾರಿಲೀ ಅವನ ಕಡೆ ಹುಬ್ಬು ಗಂಟಿಕ್ಕಿದಳು. ಅವನು ಬೇರೆ ಕಡೆ ನೋಡಿದ.

ಕ್ರಾಂಡಲ್ ತುಟಿ ನೆಕ್ಕಿಕೊಂಡು ಮಾತಾಡಿದ. ದೇವರ ಕರುಣೆ, ಎರಡನೆಯ ಅವಕಾಶ, ಗಾಯ ಮಾಯುವುದು, ಎಂದೆಲ್ಲ ಹೇಳಿದ. ಈ ಜನ ನನ್ನ ಕುಟುಂಬ ಎಂದ. ಮೊದಲು ತೋಟದ ಕೆಲಸದ ಪರ್ವಿಸ್‌ನನ್ನು ಕರೆದ. ಕುಟುಂಬದವನ ಹೆಸರು ಬಾಯಿಗೆ ಬರದೆ ಕೈಯಲ್ಲಿದ್ದ ಚೀಟಿ ನೋಡಿಕೊಂಡ. ಪರ್ವಿಸ್ ಮುದುಕ, ನಿಜವಾಗಿಯೂ ಕೊಂದವನು, ಅದಕ್ಕೆ ದಿನಾ ಅಳುವವನು. ಅವನು ಗವರ್ನರನ ಕೈ ಹಿಡಿದುಕೊಂಡು ಅತ್ತ. ಕ್ಯಾಮೆರಾದವರು ಹತ್ತಿರ ಸರಿದರು. ಕ್ರಾಂಡಲ್ ಕೈ ಬಿಡಿಸಿಕೊಳ್ಳಲು ನೋಡುತ್ತಲೇ ಕ್ಯಾಮೆರಾಗೆ ನಕ್ಕ. ಉಳಿದ ಇಬ್ಬರೂ ಥ್ಯಾಂಕ್ಸ್ ಹೇಳಿ ಹೋದರು.

ಆಮೇಲೆ ಅಲಾಂಜೊನ ಸರದಿ. ಪ್ರೇದರ್ ಅವನ ಮೊಣಕೈ ಹಿಡಿದು ಮೈಕಿನ ಮುಂದೆ ತಂದು ನಿಲ್ಲಿಸಿದ. ಕ್ರಾಂಡಲ್ ಕ್ಷಮಾಪತ್ರ ನೀಡಲು ಕೈ ಚಾಚಿದ. ಚಾಚಿದ ಕೈ ಹಾಗೇ ಇತ್ತು. ಅಲಾಂಜೊ ತನ್ನ ಎರಡೂ ಕೈ ಹಿಂದೆ ಕಟ್ಟಿಕೊಂಡಿದ್ದ.

"ನನಗೆ ಬೇಡ," ಅಂದ.

ಕ್ರಾಂಡಲ್ ನಗುತ್ತಲೇ ಇದ್ದ. ಕೇಳಿಸಲಿಲ್ಲವೇನೋ ಎಂಬಂತೆ ಕಾಗದವನ್ನು ಇನ್ನಷ್ಟು ಮುಂದೆ ಹಿಡಿದ. ಪ್ರೇದರ್ ಮೈಕಿನ ಹತ್ತಿರ ಬಗ್ಗಿ, ಲಾನಿ ಸ್ವಲ್ಪ ಭಾವುಕನಾಗಿದ್ದಾನೆ ಎಂದ.

"ನನ್ನ ಹೆಸರು ಅಲಾಂಜೊ ಟಾರ್ವರ್. ನಾನು ಯಾರನ್ನೂ ಕೊಂದಿಲ್ಲ. ನನಗೆ ಜೈಲು ಹಾಕಿಸಿದ್ದು ಈ ಮನುಷ್ಯ. ಟಲ್ಲೋವಾ ಕೌಂಟಿ ಕೋರ್ಟಲ್ಲಿ. ನಮ್ಮ ಜನಾನ ಒಬ್ಬೊಬ್ಬರನ್ನೇ ಎಬ್ಬಿಸಿ ಕಳಿಸಿದ. ನಮ್ಮ ಟೀಚರು ಐಡೆಲಾ ಬ್ರಾಡ್ನಾಕ್ಸ್ ಅವರನ್ನ, ರೆಪ್ಪೆ ಬಡೀತಾರೆ ಅಂತ ಕಳಿಸಿದ." ಅವನು ಕ್ರಾಂಡಲ್ ಕಡೆ ತಿರುಗಿದ. ಅಷ್ಟು ವರ್ಷ ಕಾಫಿ ಕೊಟ್ಟವನು ಆ ಮುಖವನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು. "ಗವರ್ನರ್ ಸಾಹೇಬ್ರೆ, ಕ್ಷಮೆ ಕೇಳಬೇಕಾದವರು ನೀವು. ಕೊಡೋಕೆ ಬರಬೇಡಿ."

ಮಿಸ್ ಮ್ಯಾರಿಲೀ ಕುರ್ಚಿಯಿಂದ ಅರ್ಧ ಎದ್ದಳು. ಇಷ್ಟೆಲ್ಲ ಮಾಡಿದ ಮೇಲೆ ಹೀಗಾ ಲಾನಿ ಎಂದಳು. ಮಗು ಹಟ ಮಾಡಿದರೆ ತಾಯಿ ಹೇಳುವ ದನಿ. ಅವನು ಬಿಳಿ ಅಂಗಿಯ ಗುಂಡಿಗಳನ್ನು ಬಿಚ್ಚಿದ. ಅಂಗಿ ತೆಗೆದು ಅವಳ ಪಕ್ಕದ ಖಾಲಿ ಕುರ್ಚಿಯ ಮೇಲೆ ಹಾಕಿದ. ಒಳಗೆ ಜೈಲಿನ ಪಟ್ಟೆಯ ಬನಿಯನ್ ಇತ್ತು. ಹಾಗೇ ಮೆಟ್ಟಿಲು ಇಳಿದ.

ಕ್ಯಾಮೆರಾಗಳು ಗವರ್ನರನನ್ನು ಬಿಟ್ಟು ಅವನ ಹಿಂದೆ ತಿರುಗಿದವು. ಯಾರೋ ಕೂಗಿ ಕೇಳಿದರು, ಯಾಕೆ ಬೇಡ, ನಿಮಗೆ ಸ್ವಾತಂತ್ರ್ಯ ಬೇಡವಾ ಎಂದು. ಬೇಕು, ಕೋರ್ಟಲ್ಲಿ ಕೇಳ್ತೀನಿ, ನೀವೂ ಬನ್ನಿ ಎಂದ. ಒಬ್ಬಳು ವರ್ನೀಸಳ ಮುಂದೆ ಮೈಕು ಹಿಡಿದು, ಅವರು ನಿಮಗೇನಾಗಬೇಕು ಎಂದಳು.

"ನಮ್ಮಣ್ಣ," ಅಂದಳು ವರ್ನೀಸ್. "ಮೊಂಡ. ಮೊದಲಿಂದಲೂ ಅಷ್ಟೇ." ಅವನ ಕಡೆ ನೋಡಲಿಲ್ಲ. ಬಾಗಿದ ಬೆರಳುಗಳಿಂದ ಕೈಚೀಲದ ಕೊಂಡಿ ಹಾಕಲು ಹೋಗಿ ಮೂರು ಸಲ ತಪ್ಪಿಸಿದಳು.

ಅಲಾಂಜೊ ಹುಲ್ಲು ದಾಟಿ, ಮುಂದಿನ ಗೇಟು ದಾಟಿ, ಬೀದಿಗೆ ಬಂದು ನಿಂತ. ಅವನನ್ನು ತಡೆಯಬೇಕೋ ಬೇಡವೋ ಎಂದು ಗೇಟಿನ ಪೊಲೀಸನಿಗೆ ತಿಳಿಯಲಿಲ್ಲ. ಬಿಡುಗಡೆಯಾದವನಾದರೆ ಹೋಗಬಹುದು, ಕೈದಿಯಾದರೆ ಹೋಗುವಂತಿಲ್ಲ. ಬಿಡುಗಡೆ ಬೇಡ ಎಂದವನಿಗೆ ಏನು ಮಾಡಬೇಕೆಂದು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಜೈಲಿನ ಗಾರ್ಡ್ ಡೂಲಿ ಮನೆಯ ಪಕ್ಕದಿಂದ ಏದುಸಿರು ಬಿಡುತ್ತ ಓಡಿ ಬಂದ.

"ಟಾರ್ವರ್, ಏನಯ್ಯಾ ಇದು. ನಡಿ, ನಡಿ. ವ್ಯಾನು ಹಿತ್ತಲಲ್ಲಿದೆ."

"ಮುಂದಕ್ಕೆ ತಗೊಂಡು ಬಾ."

"ಅಡುಗೆಯವರು ಹಿತ್ತಲಿಂದ ಅಲ್ವೇನೋ ಹತ್ತೋದು?"

"ನಾನು ಅಡುಗೆಯವನಲ್ಲ."

ಡೂಲಿ ಗವರ್ನರರ ಕಡೆ ನೋಡಿದ. ಗವರ್ನರರು ಪ್ರೇದರ್ ಕಡೆ ನೋಡುತ್ತಿದ್ದರು. ಪ್ರೇದರ್ ನೆಲ ನೋಡುತ್ತಿದ್ದ. ಬಹಳ ಹೊತ್ತಾಯಿತು. ಜನವರಿಯ ಚಳಿಗೆ ಅಲಾಂಜೊನ ಬರೀ ತೋಳುಗಳ ಮೇಲೆ ಮುಳ್ಳೆದ್ದಿತ್ತು, ಬೆಂಡೆಯ ಸುಂಕಿನ ಹಳೆಯ ಕಲೆಗಳು ಬೆಳ್ಳಗೆ ಕಾಣುತ್ತಿದ್ದವು. ಅವನು ಕೈ ಕಟ್ಟಿಕೊಳ್ಳಲಿಲ್ಲ, ಆಚೀಚೆ ನಡೆದಾಡಲೂ ಇಲ್ಲ. ಕೊನೆಗೆ ವ್ಯಾನು ಸುತ್ತು ಹಾಕಿಕೊಂಡು ಬೀದಿಗೆ ಬಂತು. ಅವನೇ ಬಾಗಿಲು ತೆಗೆದು ಹತ್ತಿ ಕೂತ, ಅವನೇ ಎಳೆದುಕೊಂಡ.

ಮರುವಾರ ಅವನ ದಾವೆಯ ವಿಚಾರಣೆಗೆಂದು ದೊಡ್ಡ ಕೋರ್ಟಿಗೆ ಅವನನ್ನು ಅದೇ ವ್ಯಾನಿನಲ್ಲಿ ಕರೆದೊಯ್ದರು. ಗವರ್ನರ್ ಮನೆಗೆ ಅವನು ಮತ್ತೆ ಕಾಲಿಡಲಿಲ್ಲ.